ನಾನು ಹತ್ತದೆ ಹತ್ತಿದ ಬೆಟ್ಟಗಳು

ಬೇರೆಯವರು ಬೆಟ್ಟಕ್ಕೆ ಹೋದರೆ ಫೋಟೋ ತರುತ್ತಾರೆ, ನಮ್ಮ ಬಳಗದವರು ಹೋದರೆ ಫಜೀತಿ ತರುತ್ತಾರೆ. ನಾವೇನೂ ಅದನ್ನು ಹುಡುಕಿಕೊಂಡು ಹೋಗುವುದಿಲ್ಲ. ವ್ಯಾನಿನ ಬಾಗಿಲು ತೆಗೆದು ಇಳಿಯುವಷ್ಟರಲ್ಲಿ ಅದು ನಮಗಿಂತ ಮುಂಚೆ ಬಂದು ಕೂತಿರುತ್ತದೆ. ಹಾಗೆ ಆದವುಗಳಲ್ಲಿ ಒಂದು ಶನಿವಾರ, ಒಂದು ಭಾನುವಾರದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಉಳಿದವನ್ನು ಹೇಳಲು ಬಳಗದವರ ಒಪ್ಪಿಗೆ ಸಿಕ್ಕಿಲ್ಲ.

ಬಳಗ ಅಂದರೆ ದೊಡ್ಡದೇನಲ್ಲ, ನಾಲ್ಕು ಜನ. ಅಧ್ಯಕ್ಷರು ಗುಬ್ಬಿಯಲ್ಲಿ ರಿಟೈರ್ ಆದ ಪಿ.ಟಿ. ಮೇಷ್ಟ್ರು, ಮೈಮೇಲೆ ಹಳದಿ ಜಾಕೀಟು, ಕತ್ತಿನಲ್ಲಿ ಇವತ್ತಿಗೂ ಸೀಟಿ. ಎರಡನೆಯವರು ಕುಣಿಗಲ್‌ನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಯಜಮಾನರು. ಹಣೆ ತುಂಬ ವಿಭೂತಿ, ಕತ್ತಿನಲ್ಲಿ ಲಿಂಗ, ಸುಳ್ಳು ಹೇಳುವವರಲ್ಲ. ಮೂರನೆಯವನು ಕಾಲೇಜಿನ ಲೆಕ್ಚರರ್ ಹುಡುಗ, ಬೆಟ್ಟ ಹತ್ತಲು ಬೇಕಾದ ಸಾಮಾನೆಲ್ಲ ಆನ್‌ಲೈನ್‌ನಲ್ಲಿ ತರಿಸಿಕೊಂಡವನು. ನಾಲ್ಕನೆಯವನು ನಾನು. ತುಮಕೂರು ಬಸ್ ಸ್ಟ್ಯಾಂಡಿನ ಹತ್ತಿರ ಕನ್ನಡಕದ ಅಂಗಡಿ, ಮನೆ ಉಪ್ಪಾರಹಳ್ಳಿ. ಎಲ್ಲರೂ ನನ್ನನ್ನು ಭಾಯ್ ಅನ್ನುತ್ತಾರೆ.

ಸುಳ್ಳು ಹುಟ್ಟಿದ ಬಗೆ

ಮೊದಲು ಒಂದು ತಪ್ಪೊಪ್ಪಿಗೆ. ಬೆಟ್ಟ ಹತ್ತುವ ಬಳಗದ ಸದಸ್ಯನಾದ ನನಗೆ ಎತ್ತರ ಅಂದರೆ ಭಯ. ಅಂಗಡಿಯಲ್ಲಿ ಮೇಲಿನ ಶೆಲ್ಫಿನಿಂದ ಫ್ರೇಮ್ ತೆಗೆಯಬೇಕಾದರೂ ಗಿರಾಕಿಯನ್ನೇ ಸ್ಟೂಲ್ ಹತ್ತಿಸುತ್ತೇನೆ.

ಮೂರು ವರ್ಷದ ಹಿಂದೆ ಬಳಗದ ಮೊದಲ ಬೆಟ್ಟ. ನಲವತ್ತು ಮೆಟ್ಟಿಲು ಹತ್ತಿ ಹಿಂದೆ ತಿರುಗಿ ನೋಡಿದೆ. ತಲೆ ಗಿರ್ರ್ ಅಂತು. ಕೂತುಕೊಂಡೇ ಒಂದೊಂದು ಮೆಟ್ಟಿಲು ಇಳಿದು ಬಂದು ವ್ಯಾನಿನ ಹತ್ತಿರ ಡ್ರೈವರ್ ಜೊತೆ ಕಾಲ ಕಳೆದೆ. ಸಂಜೆ ಮನೆಗೆ ಬಂದರೆ ನನ್ನ ಹೆಂಡತಿ ಬಕೆಟ್ಟಿನಲ್ಲಿ ಬಿಸಿನೀರು, ಉಪ್ಪು ಹಾಕಿ ಇಟ್ಟಿದ್ದಳು. "ಕಾಲಿಡಿ, ಪಾಪ ಎಷ್ಟು ನೋವಾಗಿದೆಯೋ" ಅಂದಳು. ಮದುವೆಯಾಗಿ ಇಪ್ಪತ್ತಮೂರು ವರ್ಷದಲ್ಲಿ ನನಗೆ ಅಂಥ ಉಪಚಾರ ಸಿಕ್ಕಿರಲಿಲ್ಲ. ನೀವೇ ಹೇಳಿ, ಆ ಬಿಸಿನೀರಿನಲ್ಲಿ ಕಾಲಿಟ್ಟು ಯಾವ ಗಂಡಸು ನಿಜ ಹೇಳುತ್ತಾನೆ?

"ಮೇಲೆ ಏನಿತ್ತು?" ಅಂದಳು. "ಗಾಳಿ" ಅಂದೆ. ಅದು ಸುಳ್ಳೇನಲ್ಲ. ಎರಡನೇ ಬೆಟ್ಟಕ್ಕೆ ಗಾಳಿಯ ಜೊತೆ ಒಂದು ಗುಹೆ ಸೇರಿತು. ನಾಲ್ಕನೆಯದಕ್ಕೆ ಒಂದು ಕರಡಿ ಸೇರಿತು. ಅವಳು ಇದನ್ನೆಲ್ಲ ಗುಬ್ಬಿಯ ತವರುಮನೆಯವರಿಗೆ ಹೇಳಿದಳು, ಅವರು ಊರಿಗೆ ಹೇಳಿದರು. ಈಗ ಗುಬ್ಬಿಗೆ ಹೋದರೆ ನನ್ನ ಮೈದುನ ಅಳಿಯನಿಗೆ ಇಡುವ ಕುರ್ಚಿ ಬಿಟ್ಟು ಇನ್ನೊಂದು ದೊಡ್ಡ ಕುರ್ಚಿ ಹಾಕುತ್ತಾನೆ.

ಬಳಗದ ಮೂವರಿಗೂ ವಿಷಯ ಗೊತ್ತು. ಒಬ್ಬರೂ ಎಲ್ಲೂ ಬಾಯಿ ಬಿಟ್ಟಿರಲಿಲ್ಲ. ಹೀಗಿರುವಾಗ ಕುಣಿಗಲ್ ಆಚೆಯ ಕಾಡುಬೆಟ್ಟದ ಮೇಲಿನ ಹಳೇ ಕಾವಲು ಕೊಠಡಿಯಲ್ಲಿ ಒಂದು ರಾತ್ರಿ ತಂಗುವ ಅನುಮತಿ ಸಿಕ್ಕಿತು. ಎರಡು ವರ್ಷದ ಹಿಂದೆಯೂ ಅಲ್ಲಿಗೆ ಹೋಗಿದ್ದರು. ಅಂದರೆ ಅವರು ಹೋಗಿದ್ದರು, ನಾನು ವ್ಯಾನಿನಲ್ಲಿದ್ದೆ. ಈ ಸಲ ಮೇಷ್ಟ್ರು ಫೋನಿನ ಗ್ರೂಪಿನಲ್ಲಿ "ಮನೆಯವರನ್ನೂ ಕರೆತನ್ನಿ" ಅಂತ ಹಾಕಿಬಿಟ್ಟರು. ಉಳಿದವರ ಮನೆಯವರು ಜಾಣರು, ಬರುವುದಿಲ್ಲ ಅಂದರು. ನನ್ನ ಫೋನು ಆಗ ನನ್ನ ಹೆಂಡತಿಯ ಕೈಯಲ್ಲಿತ್ತು.

"ನಾನೂ ಬರ್ತೀನಿ. ನೀವು ಬೆಟ್ಟ ಹತ್ತೋದನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು" ಅಂದಳು.

ನಾನೂ ಒಂದ್ಸಲ ನೋಡಬೇಕು ಅಂತ ನನಗೂ ಆಸೆಯಿತ್ತು, ಏನು ಮಾಡುವುದು.

ನಮ್ಮ ಜಾಗ

ಹೆಬ್ಬೂರಿನ ಡ್ರೈವರ್ ಮೂರು ವರ್ಷದಿಂದ ನಮಗೆ ವ್ಯಾನ್ ಓಡಿಸುತ್ತಿದ್ದಾನೆ. ಒಳ್ಳೆಯವನು. ನನ್ನ ಸುಳ್ಳಿನ ವಿಷಯ ಬಳಗದವರಿಗೆಲ್ಲ ಗೊತ್ತಿದ್ದರೂ ಅವನೊಬ್ಬನಿಗೆ ಹೇಳಿಡಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಅವನ ಲೆಕ್ಕದಲ್ಲಿ, ಬಳಗದಲ್ಲಿ ಮೂರು ಜನ ಬೆಟ್ಟ ಹತ್ತುವವರು, ಒಬ್ಬರು ಅವನಿಗೆ ಜೊತೆಗಾರರು.

ಬೆಟ್ಟದ ಬುಡದಲ್ಲಿ ಹುಣಸೆಮರದ ಕೆಳಗೆ ವ್ಯಾನ್ ನಿಲ್ಲಿಸಿದ. ನಾವು ಚೀಲ ಇಳಿಸುವಷ್ಟರಲ್ಲಿ ಅವನು ಚಾಪೆ ಹಾಸಿದ. ಅದರ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದ ರಟ್ಟು ಇಟ್ಟ, ಕವಡೆ ಇಟ್ಟ. ಪಕ್ಕಕ್ಕೊಂದು ದಿಂಬು ಇಟ್ಟು, ಅದನ್ನು ಎರಡು ಸಲ ತಟ್ಟಿ, ನನ್ನ ಕಡೆ ತಿರುಗಿ, "ಬನ್ನಿ ಭಾಯ್, ಹೋದ್ಸಲ ಚೌಕಾಬಾರ ಅರ್ಧಕ್ಕೇ ನಿಂತಿತ್ತು. ನಿಮ್ದೇ ಆಟ" ಅಂದ.

ನನ್ನ ಹೆಂಡತಿ ಚಾಪೆ ನೋಡಿದಳು, ದಿಂಬು ನೋಡಿದಳು, ನನ್ನನ್ನು ನೋಡಿದಳು.

"ಅದು... ಇಳಿದು ಬಂದಮೇಲೆ ಸ್ವಲ್ಪ ಸುಧಾರಿಸಿಕೊಳ್ಳೋಕೆ" ಅಂದೆ.

"ಇಳಿಯೋದಾ? ಎಲ್ಲಿಂದ?" ಅಂದ ಡ್ರೈವರ್. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಮೇಷ್ಟ್ರು ಜೋರಾಗಿ ಸೀಟಿ ಊದಿದರು. ಡ್ರೈವರ್ ಮತ್ತೆ ಬಾಯಿ ತೆರೆದ, ಮೇಷ್ಟ್ರು ಮತ್ತೆ ಊದಿದರು. ಅವನು ಬಾಯಿ ತೆರೆದಾಗಲೆಲ್ಲ ಊದಿ ಊದಿ, ಅದೇ ಸದ್ದಿನಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಮೆರವಣಿಗೆ ಹೊರಡಿಸಿದರು. ಇಪ್ಪತ್ತು ಹೆಜ್ಜೆ ಹೋದಮೇಲೆ ಹಿಂದಿನಿಂದ ಡ್ರೈವರ್ ಕೂಗಿದ್ದು ಕೇಳಿಸಿತು: "ಭಾಯ್, ದಾರಿ ತಪ್ಪುದ್ರಿ. ನೀವ್ ಅವ್ರ ಜೊತೆ ಹೋಯ್ತಾ ಇದೀರಾ."

ಯಾವ ದೇವ್ರು?

ಬೆಟ್ಟದ ದಾರಿ ಶುರುವಾಗುವಲ್ಲಿ ಮೇಕೆ ಕಾಯುತ್ತಿದ್ದ ತಾತ ಒಬ್ಬರು ಕೂತಿದ್ದರು. ಯಜಮಾನರು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದನ್ನು ಕಂಡು ವಿಚಾರಿಸಿದರು.

"ಮೇಲೆ ಯಾವ್ ದೇವ್ರು ಐತೆ?"

"ದೇವಸ್ಥಾನ ಇಲ್ಲ ತಾತ" ಅಂದರು ಮೇಷ್ಟ್ರು.

"ಮತ್ತೆ ಇವ್ರ್ಯಾಕೆ ಮೆಟ್ಟು ಬಿಚ್ಚವ್ರೆ?"

"ಬೆಟ್ಟಾನೇ ಲಿಂಗದ ಹಂಗೆ ಐತಲ್ಲ" ಅಂದರು ಯಜಮಾನರು. ತಾತ ಅದನ್ನು ಒಪ್ಪಿಕೊಂಡಂತೆ ತಲೆ ಆಡಿಸಿದರು. ಆಮೇಲೆ ಉಳಿದ ನಮ್ಮ ಕಡೆ ತಿರುಗಿದರು.

"ಸರಿ, ಅವ್ರು ಲಿಂಗಕ್ಕೆ ಹೋಯ್ತಾರೆ. ನೀವೆಲ್ಲ? ಹರಕೆ ಐತಾ?"

"ಇಲ್ಲ."

"ದನ ಕಳ್ದೈತಾ?"

"ಇಲ್ಲ ತಾತ. ಸುಮ್ನೆ ಹತ್ತಿ ಇಳಿಯೋಕೆ."

ತಾತ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಲೆಕ್ಚರರ್ ಹುಡುಗನ ಎರಡು ಊರುಗೋಲು, ಮಂಡಿಗೆ ಕಟ್ಟಿದ ಪಟ್ಟಿ, ಟೋಪಿಗೆ ಸಿಕ್ಕಿಸಿದ ಲೈಟು, ಎಲ್ಲವನ್ನೂ ಸಾವಧಾನವಾಗಿ ನೋಡಿ ಮುಗಿಸಿದರು.

"ಇಳಿಯೋಕೇ ಆದ್ರೆ," ಅಂದರು, "ಆಗ್ಲೇ ಕೆಳಗೇ ಇದೀರಲ್ಲಪ್ಪ."

ಮೂರು ವರ್ಷದಿಂದ ನಾನು ಅದೇ ತತ್ವ ಪಾಲಿಸಿಕೊಂಡು ಬಂದಿದ್ದೆ. ತಾತನ ಕಾಲಿಗೆ ಬೀಳೋಣ ಅನ್ನಿಸಿತು.

ಕರಡಿಯ ಸಾಕ್ಷಿ

ಬೆಟ್ಟದ ಸೊಂಟದವರೆಗೆ ದಾರಿ ಅಗಲವಾಗಿತ್ತು, ಎರಡೂ ಕಡೆ ಗಿಡ, ಕೆಳಗಿನ ಆಳ ಕಾಣುತ್ತಿರಲಿಲ್ಲ. ನನಗೆ ಧೈರ್ಯ ಬಂತು. ಹೆಂಡತಿಗೆ ಬೆಟ್ಟ ಹತ್ತುವ ಬಗ್ಗೆ ನಾಲ್ಕು ಉಪದೇಶವನ್ನೂ ಮಾಡಿದೆ. ಅವಳು ಎಲ್ಲ ಕೇಳಿಸಿಕೊಂಡು, "ಆ ಕರಡಿ ಎದುರಿಗೆ ಬಂದಿದ್ದು ಇದೇ ಬೆಟ್ಟದಲ್ಲಲ್ವಾ?" ಅಂದಳು.

ಯಾವ ಬೆಟ್ಟದ ಲೆಕ್ಕಕ್ಕೆ ಕರಡಿ ಬರೆದಿದ್ದೆ ಅನ್ನುವುದು ನನಗೇ ಮರೆತಿತ್ತು. "ಸುಮಾರು ಇಂಥದೇ ಜಾಗ" ಅಂದೆ.

ಅವಳು ಯಜಮಾನರ ಕಡೆ ತಿರುಗಿದಳು. ಇಡೀ ಕುಣಿಗಲ್‌ನಲ್ಲಿ ಯಾರಿಗೆ ಯಾರ ಮೇಲೆ ನಂಬಿಕೆ ಇಲ್ಲದಿದ್ದರೂ ಅವರ ಮಾತಿನ ಮೇಲೆ ಇದೆ. ತಮ್ಮ ಅಂಗಡಿಯ ಪೈಪು ಎರಡು ವರ್ಷಕ್ಕೆ ತುಕ್ಕು ಹಿಡಿಯುತ್ತೆ ಅಂತ ತಾವೇ ಹೇಳಿ ಮಾರುವವರು ಅವರು.

"ಅಣ್ಣಾ, ಕರಡಿ ಎಷ್ಟು ದೊಡ್ಡದಿತ್ತು?"

ಯಜಮಾನರು ನಿಂತರು. ಕತ್ತಿನ ಲಿಂಗವನ್ನು ಒಮ್ಮೆ ಮುಟ್ಟಿಕೊಂಡರು. ಅವರ ಮುಖದ ಮೇಲೆ ಸ್ನೇಹಕ್ಕೂ ಸತ್ಯಕ್ಕೂ ಕುಸ್ತಿ ನಡೆಯುವುದು ನನಗೆ ಸ್ಪಷ್ಟವಾಗಿ ಕಾಣಿಸುತ್ತಿತ್ತು.

"ಅಕ್ಕಾ," ಅಂದರು ಕೊನೆಗೆ, "ಭಾಯ್ ಆ ಕರಡಿ ವಿಷಯ ಹೇಳುವಾಗ ನಾನು ಪಕ್ಕದಲ್ಲೇ ಇದ್ದೆ."

ಹಳದಿ ಬಣ್ಣ

ಸೊಂಟ ದಾಟಿದ ಮೇಲೆ ಗಿಡ ಮುಗಿದು ಬೋಳುಬಂಡೆ ಶುರುವಾಯಿತು. ಬಂಡೆಯಲ್ಲಿ ಕಾಲಿನ ಮುಂಭಾಗ ಹಿಡಿಸುವಷ್ಟು ಗುಳಿ ಕೊರೆದಿದ್ದರು. ಎಡಕ್ಕೆ ನೋಡಿದರೆ ಬೆಂಕಿಪೊಟ್ಟಣದಷ್ಟು ನಮ್ಮ ವ್ಯಾನು ಕಾಣಿಸಿತು. ನನ್ನ ಕಾಲು ಸಿಮೆಂಟ್ ಹಾಕಿದಂತೆ ನಿಂತುಬಿಟ್ಟಿತು.

ಮುಂದೆ ಹೋದರೆ ಜೀವ ಹೋಗುತ್ತದೆ, ಹಿಂದೆ ಹೋದರೆ ಮೂರು ವರ್ಷದ ಮರ್ಯಾದೆ ಹೋಗುತ್ತದೆ. ಹೆಂಡತಿ ಆಗಲೇ ನಾಲ್ಕು ಗುಳಿ ಹತ್ತಿ ನಿಂತು, "ಬನ್ನಿ, ನಿಮಗೇನು ಇದು ಹೊಸದಾ?" ಅಂತ ಕರೆಯುತ್ತಿದ್ದಳು.

ಕಷ್ಟಕಾಲದಲ್ಲಿ ಮನುಷ್ಯನಿಗೆ ತಾನು ಕಲಿತ ಕಸುಬೇ ನೆನಪಾಗುವುದು. ನನ್ನ ಕಣ್ಣಿನ ಪವರ್ ಮೈನಸ್ ಆರು. ಕನ್ನಡಕ ತೆಗೆದರೆ ಚಾಚಿದ ನನ್ನ ಕೈಯ ಬೆರಳನ್ನೇ ನಾನು ಎಣಿಸಲಾರೆ. ತೆಗೆದು ಜೇಬಿಗೆ ಹಾಕಿಕೊಂಡೆ. ವ್ಯಾನು ಮಾಯವಾಯಿತು, ಆಳ ಮಾಯವಾಯಿತು, ಕುಣಿಗಲ್ ತಾಲ್ಲೂಕೇ ಮಾಯವಾಯಿತು. ಉಳಿದದ್ದು ಬೂದುಬಣ್ಣದ ಬಂಡೆ, ಅದರ ಮೇಲೆ ನನ್ನ ಹೆಂಡತಿಯ ಹಳದಿ ದುಪಟ್ಟಾ. ಭಯ ಅನ್ನುವುದೆಲ್ಲ ಬರೀ ಪವರ್‌ನ ವಿಷಯ ಅಂತ ಅವತ್ತು ಗೊತ್ತಾಯಿತು. ಆ ಹಳದಿಯನ್ನೇ ನೋಡುತ್ತಾ ನಾಲ್ಕು ಕಾಲಿನಲ್ಲಿ ಹತ್ತತೊಡಗಿದೆ.

ಮೇಲಿನಿಂದ ಹಳದಿ ಬಗ್ಗಿ ಕೈ ಚಾಚಿತು. ಗಟ್ಟಿಯಾಗಿ ಹಿಡಿದುಕೊಂಡೆ. ಎಳೆದು ಮೇಲೆ ನಿಲ್ಲಿಸಿತು. ನನ್ನ ಕಣ್ಣಲ್ಲಿ ನೀರು ಬಂತು. ಇಪ್ಪತ್ತಾರು ವರ್ಷದಲ್ಲಿ ಹೇಳದ ಮಾತು ತಾನಾಗಿ ಬಾಯಿಗೆ ಬಂತು.

"ನೀನಿಲ್ಲದೆ ನಾನು ಒಂದು ಹೆಜ್ಜೆ ಇಡೋನಲ್ಲ. ನನ್ನ ಜೀವನಾನೇ ನೀನು" ಅಂದೆ, ಆ ಕೈಯನ್ನು ಎದೆಗೆ ಒತ್ತಿಕೊಂಡು.

ಎದುರಿನಿಂದ ಮೇಷ್ಟ್ರ ದನಿ ಕೇಳಿಸಿತು. ಅವರ ಹಳದಿ ಜಾಕೀಟಿನ ವಿಷಯ ನಾನು ಮರೆತೇಬಿಟ್ಟಿದ್ದೆ.

"ಇರ್ಲಿ ಬುಡಿ ಭಾಯ್," ಅಂದರು ಅವರು ಗಂಟಲು ಸರಿಮಾಡಿಕೊಂಡು, "ನಲವತ್ತು ವರ್ಷದ ಸರ್ವೀಸಲ್ಲಿ ಇಷ್ಟು ಒಳ್ಳೆ ಮಾತು ನಂಗ್ಯಾರೂ ಆಡಿರ್ಲಿಲ್ಲ."

ನಾಲ್ಕು ಡಬ್ಬಿ

ಬಂಡೆಯ ಮೇಲೆ ನೆರಳಿದ್ದ ಕಡೆ ಊಟಕ್ಕೆ ಕೂತೆವು. ನಮ್ಮ ಬಳಗದವರು ಒಬ್ಬರ ಮನಸ್ಸು ಒಬ್ಬರು ನೋಯಿಸುವವರಲ್ಲ. ಆ ಒಳ್ಳೆಯ ಗುಣವೇ ಅವತ್ತು ನಮ್ಮನ್ನು ಕೊಂದಿದ್ದು.

ನನ್ನ ಹೆಂಡತಿ ಶುಕ್ರವಾರವೇ ಕೇಳಿದ್ದಳು, "ಯಜಮಾನರು ಲಿಂಗ ಕಟ್ಟಿದವರು, ಮಸಾಲೆ ವಾಸನೆ ಆಗುತ್ತೋ ಇಲ್ಲವೋ. ಯಾರಿಗೂ ತೊಂದರೆ ಆಗದ್ದು ಏನು ಮಾಡಲಿ?" ಯೋಚಿಸಿ ಮೊಸರನ್ನ ಮಾಡಿ ತಂದಿದ್ದಳು. ಯಜಮಾನರ ಮನೆಯಲ್ಲಿ, "ಭಾಯ್ ಮನೆಯೋರು ಬತ್ತಾವ್ರೆ, ಅವ್ರಿಗೆ ನಮ್ಮ ಹುಳಿ ಸೇರುತ್ತೋ ಇಲ್ವೋ" ಅಂತ ಯೋಚಿಸಿ ಮೊಸರನ್ನ ಕಟ್ಟಿದ್ದರು. ಮೇಷ್ಟ್ರು ಇಬ್ಬರ ಬಗ್ಗೆಯೂ ಯೋಚಿಸಿ ಮೊಸರನ್ನ ತಂದಿದ್ದರು. ಲೆಕ್ಚರರ್ ಹುಡುಗ ಮೂವರ ಬಗ್ಗೆಯೂ ಯೋಚಿಸಿ, ಹೋಟೆಲಿನಲ್ಲಿ ಪುಳಿಯೋಗರೆ ಬಿಸಿ ಇದ್ದರೂ ಬೇಡ ಅಂದು, ಮೊಸರನ್ನ ಪಾರ್ಸೆಲ್ ಮಾಡಿಸಿದ್ದ.

ನಾಲ್ಕು ಡಬ್ಬಿ ತೆರೆದವು. ನಾಲ್ಕೂ ಬಿಳಿ.

"ಉಪ್ಪಿನಕಾಯಿ?" ಅಂದರು ಮೇಷ್ಟ್ರು. ಒಬ್ಬೊಬ್ಬರೂ ಇನ್ನೊಬ್ಬರ ಹೊಟ್ಟೆ ಉರಿದೀತೆಂದು ಅದನ್ನೂ ಬಿಟ್ಟು ಬಂದಿದ್ದರು. ಆದರೂ ಉಪಚಾರ ನಿಲ್ಲಲಿಲ್ಲ. "ನಮ್ಮದು ಸ್ವಲ್ಪ ಹಾಕಿಸಿಕೊಳ್ಳಿ" ಅಂತ ಮೊಸರನ್ನದ ಮೇಲೆ ಮೊಸರನ್ನ ಬಡಿಸಿದರು. "ನಿಮ್ಮದರ ರುಚಿಯೇ ಬೇರೆ" ಅಂತ ಎಲ್ಲರೂ ಎಲ್ಲರಿಗೂ ಹೇಳಿದರು.

ನನಗೆ ತಡೆಯಲಾಗಲಿಲ್ಲ. ನಿಟ್ಟುಸಿರು ಬಿಟ್ಟು, "ಕೆಳಗೆ ಡ್ರೈವರ್ ಈಗ ಮುದ್ದೆ ಮುರೀತಿರ್ತಾನೆ. ಶನಿವಾರ ಅವನ ಮನೆಯಲ್ಲಿ ಬಸ್ಸಾರು. ಅವನ ಹೆಂಡತಿ ಬೆಳ್ಳುಳ್ಳಿ ಒಂದು ಎಸಳು ಜಾಸ್ತಿನೇ ಹಾಕ್ತಾರೆ" ಅಂದುಬಿಟ್ಟೆ.

ಹೆಂಡತಿಯ ಕೈತುತ್ತು ಬಾಯಿಯ ಹತ್ತಿರ ನಿಂತಿತು. "ಆ ಎಸಳು ನಿಮಗೆ ಬೆಟ್ಟದ ಮೇಲಿಂದ ಕಾಣಿಸುತ್ತಾ?" ಅಂದಳು.

ದಿಕ್ಕು

ಊಟವಾಗಿ ಹೊರಟರೆ ದಾರಿಯೇ ಇಲ್ಲ. ಎರಡು ವರ್ಷದಲ್ಲಿ ಲಾಂಟಾನ ಪೊದೆ ಬೆಳೆದು ಎಲ್ಲ ಮುಚ್ಚಿಹೋಗಿತ್ತು. ಮೇಷ್ಟ್ರು ಸುತ್ತ ನೋಡಿ, ಯಜಮಾನರು ಸುತ್ತ ನೋಡಿ, ಇಬ್ಬರೂ ತಲೆ ಕೆರೆದುಕೊಂಡರು.

"ನೀವೂ ಬಂದಿದ್ರಲ್ಲ, ನಿಮಗೂ ನೆನಪಿಲ್ವಾ?" ಅಂದಳು ಹೆಂಡತಿ.

"ಇವರಿಗೇ ನೆನಪಿಲ್ಲ, ನನಗೆ ಹೇಗಿರುತ್ತೆ?" ಅಂದೆ. ಬೆಟ್ಟ ಹತ್ತಿದವರೂ ಹತ್ತದವನೂ ಸರಿಸಮಾನರಾದ ಗಳಿಗೆ ಅದೊಂದೇ. ಅದನ್ನು ನಾನು ತುಂಬ ಅನುಭವಿಸಿದೆ.

ಲೆಕ್ಚರರ್ ಹುಡುಗನ ಕೈಗಡಿಯಾರದಲ್ಲಿ ಮ್ಯಾಪ್ ಇತ್ತು. ಅದು ನಾವು ಒಂದು ಕೆರೆಯ ಮಧ್ಯೆ ನಿಂತಿದ್ದೇವೆ ಅಂತ ತೋರಿಸಿತು. ಅವನು ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. "ಬಂಡೆಯಿಂದ ಸೀದಾ ಪಶ್ಚಿಮಕ್ಕೆ ಹೋದ್ರೆ ಕೊಠಡಿ, ಅಷ್ಟು ಗೊತ್ತು" ಅಂದರು ಮೇಷ್ಟ್ರು. ಆದರೆ ಮೋಡ ಕವಿದು ಸೂರ್ಯ ಕಾಣುತ್ತಿರಲಿಲ್ಲ, ಪಶ್ಚಿಮ ಯಾವುದು ಅಂತ ಹೇಳುವವರು ಯಾರೂ ಇಲ್ಲ.

ನನ್ನ ಫೋನಿನಲ್ಲಿ ನಮಾಜಿಗೆ ದಿಕ್ಕು ತೋರಿಸುವ ಆಪ್ ಒಂದಿದೆ. ಮುಳ್ಳು ಮೆಕ್ಕಾದ ಕಡೆ ತಿರುಗಿ ನಿಲ್ಲುತ್ತದೆ, ನೆಟ್‌ವರ್ಕ್ ಬೇಡ. ನಮ್ಮ ಕಡೆಯಿಂದ ಅದು ಹೆಚ್ಚುಕಡಿಮೆ ಪಶ್ಚಿಮವೇ. ತೆಗೆದು ಅಂಗೈ ಮೇಲಿಟ್ಟೆ. ಮುಳ್ಳು ಪೊದೆಗಳ ನಡುವಿನ ಒಂದು ಸಂದಿಯನ್ನು ತೋರಿಸಿತು.

ಸರಿ, ನಾನು ಮುಂದೆ. ನನ್ನ ಹಿಂದೆ ವಿಭೂತಿ ಧರಿಸಿದ ಯಜಮಾನರು, ಬರಿಗಾಲಿನಲ್ಲಿ, ಬಹಳ ಭಕ್ತಿಯಿಂದ. ಅರ್ಧ ಗಂಟೆ ನಡೆದೆವು. ಬಳಗದಲ್ಲಿ ಮೊದಲ ಸಲ ನಾನು ಮುಂದಾಳು. ಎದೆ ಉಬ್ಬಿಸಿಕೊಂಡೇ ನಡೆಯುತ್ತಿದ್ದೆ.

"ಭಾಯ್," ಅಂದರು ಯಜಮಾನರು ಏದುಸಿರು ಬಿಡುತ್ತಾ, "ಇನ್ನೆಷ್ಟು ದೂರ ಅಂತ ಅದು ತೋರಿಸುತ್ತಾ?"

"ತೋರಿಸುತ್ತೆ. ನಾಲ್ಕು ಸಾವಿರ ಚಿಲ್ಲರೆ ಕಿಲೋಮೀಟರ್ ಅಂತಿದೆ."

ಯಜಮಾನರು ಪಂಚೆ ಎತ್ತಿ ಕಟ್ಟಿಕೊಂಡರು.

"ಕೊಠಡಿ ಅದಕ್ಕಿಂತ ಮುಂಚೆ ಸಿಗುತ್ತೆ ತಾನೇ?" ಅಂದರು.

ಬೀಗ

ಮುಂಚೆಯೇ ಸಿಕ್ಕಿತು. ಕಲ್ಲಿನ ಗೋಡೆ, ಹೆಂಚಿನ ಮಾಡು, ಒಂದೇ ಬಾಗಿಲು. ಬಾಗಿಲಿಗೆ ಅಂಗೈಯಷ್ಟು ದೊಡ್ಡ ಬೀಗ. ಕೀ ಹಿಡಿದು ಕಾಯಬೇಕಿದ್ದ ವಾಚರ್ ಇಲ್ಲ. ಒಂದು ಬಂಡೆಯ ತುದಿಯಲ್ಲಿ ನೆಟ್‌ವರ್ಕ್ ಸಿಕ್ಕಿ ಮೇಷ್ಟ್ರು ಫೋನ್ ಮಾಡಿದರೆ ಅವನು ಚೇಳೂರಿನಲ್ಲಿ ಗೃಹಪ್ರವೇಶದ ಊಟಕ್ಕೆ ಕೂತಿದ್ದ.

"ಕೀ ನನ್ ಜೇಬಲ್ಲೇ ಜೋಪಾನವಾಗೈತೆ ಸಾರ್, ಯೋಚ್ನೆ ಮಾಡ್ಬೇಡಿ" ಅಂದ. ನಾವು ಹೊರಗೆ ನಿಂತಿದ್ದೇವೆ ಅಂತ ಬಿಡಿಸಿ ಹೇಳಿದ ಮೇಲೆ, "ಒಡ್ಕಳಿ ಸಾರ್, ಹೊಸಾದು ಹಾಕಿದ್ರಾಯ್ತು" ಅಂದ.

ಯಜಮಾನರು ಬೀಗದ ಹತ್ತಿರ ಹೋಗಿ ಕನ್ನಡಕ ಏರಿಸಿ ನೋಡಿದರು. ಅವರ ಮುಖ ಅರಳಿತು. "ಇದು ನಮ್ಮ ಅಂಗಡೀದು. ಹೋದ ವರ್ಷ ಅವನೇ ಬಂದು ತಗೊಂಡೋದ. ಇದನ್ನ ಒಡೆಯೋಕಾಗಲ್ಲ."

"ಒಡೀಬೇಕಲ್ಲ ಯಜಮಾನ್ರೇ, ಮಳೆ ಬರೋ ಹಂಗಿದೆ."

"ಒಡೀರಿ, ನಾನೇನ್ ಬೇಡ ಅನ್ನಲ್ಲ. ಆಗಲ್ಲ ಅಂದೆ ಅಷ್ಟೆ."

ಮೇಷ್ಟ್ರು ಕಲ್ಲು ತಂದು ಹೊಡೆದರು. ಕಲ್ಲು ಎರಡಾಯಿತು. ಲೆಕ್ಚರರ್ ಹುಡುಗ ತನ್ನ ಊರುಗೋಲು ತೂರಿಸಿ ಮೀಟಿದ. ಅದು ಬಗ್ಗಿ ಕೊಡೆಯ ಹಿಡಿಯಾಯಿತು. ನಾನು ಹೊಡೆದೆ, ಕೈ ಜುಮ್ ಅಂತು. ಪ್ರತಿ ಏಟಿಗೂ ಯಜಮಾನರು ಹತ್ತಿರ ಬಂದು ಬೀಗವನ್ನು ಪಂಚೆಯ ತುದಿಯಿಂದ ಒರೆಸಿ, "ನೋಡಿ, ಒಂದು ಗೀರು ಬಿದ್ದಿಲ್ಲ" ಅನ್ನುತ್ತಿದ್ದರು. ಮಳೆಹನಿ ಶುರುವಾಯಿತು. ಅವರು ತಾವೂ ನೆನೆಯುತ್ತಿದ್ದರು, ಆದರೆ ಅಷ್ಟು ಸಂತೋಷವಾಗಿ ನೆನೆದ ಮನುಷ್ಯನನ್ನು ನಾನು ನೋಡಿಲ್ಲ.

ಕೊನೆಗೆ ಮೇಷ್ಟ್ರು ಸುಸ್ತಾಗಿ, "ಸಾಕಪ್ಪ" ಅಂತ ಬಾಗಿಲಿಗೆ ಒರಗಿ ನಿಂತರು. ಬಾಗಿಲು ಕಿರ್ ಅಂದು, ಚೌಕಟ್ಟಿನ ಇನ್ನೊಂದು ಬದಿಯ ಕೀಲೆಲ್ಲ ಕಿತ್ತು, ಮೇಷ್ಟ್ರ ಸಮೇತ ಒಳಗೆ ಮಲಗಿತು. ಬೀಗ ಮಾತ್ರ ಹಾಕಿದಂತೆಯೇ ಇತ್ತು.

ಮೇಷ್ಟ್ರಿಗೆ ಪೆಟ್ಟಾಗಿದೆಯೋ ಅಂತ ನಾವೆಲ್ಲ ಓಡಿದೆವು. ಯಜಮಾನರು ನಿಧಾನವಾಗಿ ಬಗ್ಗಿ, ಕಿತ್ತುಬಂದ ಕೀಲನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಇದು ನಮ್ಮ ಅಂಗಡೀದಲ್ಲ" ಅಂದರು.

ಬಂದವರ ಪುಸ್ತಕ

ರಾತ್ರಿ ಬಾಗಿಲಿಲ್ಲದ ಕೊಠಡಿಯಲ್ಲಿ ಬಾಗಿಲನ್ನೇ ಹಾಸಿಕೊಂಡು, ಉಳಿದ ಮೊಸರನ್ನ ತಿಂದು ಮಲಗಿದೆವು. ಬೆಳಗ್ಗೆ ಕಣ್ಣು ಬಿಟ್ಟು ಹೊರಗೆ ಬಂದರೆ ಮಂಜು ಹರಿದು ಕೆಳಗೆ ಕೆರೆ, ತೋಟ, ಊರು ಎಲ್ಲ ಕಾಣಿಸುತ್ತಿತ್ತು. ಗೋಡೆ ಹಿಡಿದುಕೊಂಡೇ ನೋಡಿದೆ. ಆದರೂ ನೋಡಿದೆ, ಕನ್ನಡಕ ಹಾಕಿಕೊಂಡೇ ನೋಡಿದೆ. ಮೂರು ವರ್ಷ ಬುಡದಲ್ಲಿ ಕೂತು ಏನು ಕಳೆದುಕೊಂಡೆ ಅಂತ ಗೊತ್ತಾಯಿತು. ಜೊತೆಗೆ ಒಂದು ಸಮಾಧಾನ. ಮೇಲೆ ಬಂದಾಯಿತು, ಹೆಂಡತಿಗೆ ಗೊತ್ತಾಗಲಿಲ್ಲ. ಇನ್ನು ಇಳಿದರೆ ಮುಗಿಯಿತು.

ಅಷ್ಟರಲ್ಲಿ ಮೇಷ್ಟ್ರು ಒಳಗಿನ ಗೂಡಿನಿಂದ ಒಂದು ಉದ್ದನೆಯ ಪುಸ್ತಕ ತಂದರು. "ಇಲ್ಲಿ ತಂಗಿದೋರು ಹೆಸರು ಬರೀಬೇಕು. ಅಕ್ಕಾ, ಮೊದಲು ನೀವೇ ಬರೀರಿ" ಅಂದರು.

ನನ್ನ ಹೆಂಡತಿ ಗುಬ್ಬಿಯ ಕನ್ನಡ ಶಾಲೆಯಲ್ಲಿ ಓದಿದವಳು. ಪುಸ್ತಕ ಕೈಗೆ ಬಂದರೆ ಬರೆಯುವುದಕ್ಕಿಂತ ಮೊದಲು ಓದುತ್ತಾಳೆ. "ಎರಡು ವರ್ಷದ ಹಿಂದೆ ನೀವು ಬಂದಾಗಲೂ ಬರೆದಿರಬೇಕಲ್ಲ" ಅಂತ ಹಿಂದಕ್ಕೆ ಹಾಳೆ ತಿರುಗಿಸಿದಳು.

ಬಂಡೆಯಲ್ಲಿ ಆದ ಭಯ ಇದರ ಮುಂದೆ ಏನೂ ಅಲ್ಲ. ಆ ಪುಟದಲ್ಲಿ ಮೂರೇ ಹೆಸರು ಇರುತ್ತದೆ. ಬಿಸಿನೀರು, ಉಪ್ಪು, ಗುಬ್ಬಿಯ ದೊಡ್ಡ ಕುರ್ಚಿ, ಎಲ್ಲ ಮುಗಿಯಿತು.

ಅವಳ ಬೆರಳು ಸಾಲಿನ ಮೇಲೆ ಇಳಿಯುತ್ತಾ ನಿಂತಿತು. "ಇಲ್ಲಿದೆ ನಿಮ್ಮ ಹೆಸರು" ಅಂದಳು.

ನಾನು ನಂಬದೆ ಹತ್ತಿರ ಹೋದೆ. ಇತ್ತು. ಮೇಷ್ಟ್ರ ಗುಂಡು ಅಕ್ಷರದಲ್ಲಿ ನನ್ನ ಹೆಸರು, ವಯಸ್ಸು ನಲವತ್ತೈದು, ಷರಾ ಕಾಲಮಿನಲ್ಲಿ "ಚುರುಕಾಗಿ ಹತ್ತಿದರು." ನಾನು ಬಾರದಿದ್ದಾಗಲೂ ನನ್ನ ಹಾಜರಿ ಹಾಕಿದ ಆ ಮನುಷ್ಯನನ್ನು ನೋಡಿದೆ. ಅವರು ಆಕಾಶ ನೋಡುತ್ತಿದ್ದರು. ನನ್ನ ಹೋದ ಜೀವ ಮರಳಿ ಬಂತು.

"ಇಲ್ಲೂ ಇದೆ" ಅಂದಳು ಹೆಂಡತಿ.

ಎರಡು ಸಾಲು ಕೆಳಗೆ, ಅಂಗಡಿ ಚೀಟಿಯ ನೇರ ಅಕ್ಷರದಲ್ಲಿ, ಮತ್ತೆ ನನ್ನ ಹೆಸರು. ವಯಸ್ಸು ಐವತ್ತು. ಷರಾ, "ಮನಸ್ಸೆಲ್ಲ ಇಲ್ಲೇ ಇತ್ತು." ಸುಳ್ಳು ಹೇಳದ ಯಜಮಾನರು ಪಂಚೆಯ ಅಂಚನ್ನು ಬಹಳ ಆಸಕ್ತಿಯಿಂದ ನೋಡಿಕೊಳ್ಳುತ್ತಿದ್ದರು.

"ಇಲ್ಲೂ."

ಪುಟದ ಕೊನೆಯಲ್ಲಿ ಇಂಗ್ಲಿಷಿನಲ್ಲಿ ನನ್ನ ಹೆಸರು, ವಯಸ್ಸು ಅರವತ್ತು, ಷರಾ, "ಸೂಪರ್ ವ್ಯೂ." ಲೆಕ್ಚರರ್ ಹುಡುಗ, "ಅಂಕಲ್, ಒಂದಿನ ಮೇಲೆ ಬಂದ್ರೆ ನಿಮಗೆ ಬೇಜಾರಾಗ್ಬಾರ್ದು ಅಂತ..." ಅಂದು ನಾಲಿಗೆ ಕಚ್ಚಿಕೊಂಡ. ಮೂವರೂ ಒಬ್ಬರಿಗೊಬ್ಬರು ಹೇಳದೆ, ಮೇಲಿನ ಸಾಲು ಓದದೆ, ಒಬ್ಬರ ಹಿಂದೆ ಒಬ್ಬರು, ಗುಟ್ಟಾಗಿ ನನ್ನನ್ನು ಬೆಟ್ಟ ಹತ್ತಿಸಿದ್ದರು. ಮೂವರ ಮುಖವನ್ನೂ ನೋಡಿ ನನಗೆ ಅಳು ಬರುವಂತಾಯಿತು.

ಹೆಂಡತಿ ಪುಸ್ತಕ ಮಡಿಲಲ್ಲಿಟ್ಟುಕೊಂಡು ನನ್ನನ್ನು ನೋಡಿದಳು. "ಒಂದೇ ದಿನ ಮೂರು ಸಲ ಹತ್ತಿದ್ದೀರಿ" ಅಂದಳು. "ಬೆಳಗ್ಗೆ ನಲವತ್ತೈದು ವರ್ಷ, ಸಂಜೆಗೆ ಅರವತ್ತು. ಪಾಪ, ಎಷ್ಟು ಸುಸ್ತಾಗಿರಬೇಡ."

ನಾನು ಎಲ್ಲ ಹೇಳಿಬಿಟ್ಟೆ. ನಲವತ್ತು ಮೆಟ್ಟಿಲು, ಬಿಸಿನೀರು, ಕರಡಿ, ಚೌಕಾಬಾರ, ಒಂದನ್ನೂ ಬಿಡಲಿಲ್ಲ. ಅವಳು ಮುಖ ಗಂಟಿಕ್ಕಿಕೊಂಡು ಕೇಳಿದಳು. ಕರಡಿಯ ಹತ್ತಿರ ಬರುವಾಗ ಅವಳ ಭುಜ ಅಲುಗಿತು. ಮೇಷ್ಟ್ರ ಕೈ ಎದೆಗೊತ್ತಿಕೊಂಡ ಹತ್ತಿರ ಬರುವಾಗ ದುಪಟ್ಟಾ ಬಾಯಿಗೆ ಅಡ್ಡ ಹಿಡಿದಳು. ಆಮೇಲೆ ತಡೆಯಲಾಗದೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಅಷ್ಟು ಹೆದರಿಕೆ ಇಟ್ಟುಕೊಂಡು ನಿನ್ನೆ ಈ ಬಂಡೆ ಹತ್ತಿದ್ರಾ?" ಅಂದಳು.

"ಹೂಂ."

"ನನ್ನ ಮುಂದೆ ಮರ್ಯಾದೆ ಹೋಗುತ್ತೆ ಅಂತ?"

"ಹೂಂ."

ಅವಳು ಪೆನ್ನು ತೆಗೆದುಕೊಂಡು ಹೊಸ ಪುಟದಲ್ಲಿ, ತನ್ನ ಹೆಸರಿಗಿಂತ ಮೊದಲು, ಮುತ್ತಿನಂಥ ಅಕ್ಷರದಲ್ಲಿ ನನ್ನ ಹೆಸರು ಬರೆದಳು. ವಯಸ್ಸು ಐವತ್ತೆರಡು, ಸರಿಯಾಗಿ. ಷರಾ ಕಾಲಮಿನಲ್ಲಿ ಬರೆದದ್ದನ್ನು ಅವಳ ಹೆಗಲ ಮೇಲಿಂದ ಓದಿದೆ: "ಮೊದಲ ಸಲ ಬಂದರು. ಹೆದರಿಕೊಂಡೇ ಬಂದರು. ಕಣ್ಣಾರೆ ಕಂಡಿದ್ದೇನೆ."

ಆಮೇಲೆ ಪೆನ್ನನ್ನು ಮೂವರ ಕಡೆ ಚಾಚಿದಳು. "ನೀವು ಮೂರೂ ಜನ ಕೆಳಗೆ ಬರೀರಿ ಅಣ್ಣಾ," ಅಂದಳು, "ಆದ್ರೆ ಈ ಸಲ ನಿಮ್ಮ ನಿಮ್ಮ ಹೆಸರು ಮಾತ್ರ."